ಬೇರೆ ಭಾಷೆಯ ಲೈಬ್ರರಿ ಕರೆದಾಗ ಪ್ರೋಗ್ರಾಂ ಕೆಟ್ಟರೆ ಎಲ್ಲಿಂದ ಹುಡುಕಬೇಕು?

ನಿಮ್ಮ ಪ್ರೋಗ್ರಾಂ ಪೈಥಾನ್‌ನಲ್ಲಿದೆ. ಅದು ಸಿ ಭಾಷೆಯಲ್ಲಿ ಬರೆದ ಒಂದು ಲೈಬ್ರರಿಯನ್ನು ಕರೆಯುತ್ತದೆ. ಓಡಿಸಿದ ತಕ್ಷಣ ‘ಸೆಗ್ಮೆಂಟೇಶನ್ ಫಾಲ್ಟ್’ ಅಂತ ಒಂದೇ ಒಂದು ಸಾಲು ಬಂದು ಎಲ್ಲವೂ ನಿಂತುಹೋಗುತ್ತದೆ. ಎಲ್ಲಿ ತಪ್ಪಾಯಿತು ಅಂತ ಹೇಳುವ ಟ್ರೇಸ್‌ಬ್ಯಾಕ್ ಇಲ್ಲ. ಟ್ರೈ, ಎಕ್ಸೆಪ್ಟ್ ಹಾಕಿದರೂ ಹಿಡಿಯಲು ಆಗುವುದಿಲ್ಲ. ಕೆಲವೊಮ್ಮೆ ಬೀಳುವುದೂ ಇಲ್ಲ. ಸುಮ್ನೆ ತಪ್ಪು ಸಂಖ್ಯೆ ಕೊಟ್ಟು ಮುಂದೆ ಹೋಗುತ್ತದೆ. ಅದು ಬೀಳುವುದಕ್ಕಿಂತ ಕೆಟ್ಟದ್ದು.

ಇಂಥ ಹೊತ್ತಿನಲ್ಲಿ ಮೊದಲು ಲೈಬ್ರರಿಯ ಮೇಲೆ ಅನುಮಾನ ಬರುತ್ತದೆ. ಹಳೆಯ ಆವೃತ್ತಿ ಹಾಕಿ ನೋಡುತ್ತೇವೆ. ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನಾನು ಬಿಡಿಸಿದ ಇಂಥ ತೊಂದರೆಗಳಲ್ಲಿ ಹೆಚ್ಚಿನ ಸಲ ಲೈಬ್ರರಿ ಸರಿಯಾಗಿತ್ತು, ಪೈಥಾನ್ ಲಾಜಿಕ್ ಕೂಡ ಸರಿಯಾಗಿತ್ತು. ತಪ್ಪು ಇದ್ದದ್ದು ಎರಡರ ನಡುವಿನ ಗಡಿಯಲ್ಲಿ.

ಈ ಗಡಿಯಲ್ಲಿ ಕಾವಲುಗಾರ ಇಲ್ಲ. ಸಿ ಕಂಪೈಲ್ ಆಗಿ ಲೈಬ್ರರಿ ಫೈಲ್ ಆದಮೇಲೆ ಅದರಲ್ಲಿ ಹೊರಗಿನವರಿಗೆ ಕಾಣುವುದು ಫಂಕ್ಷನ್‌ನ ಹೆಸರು ಮತ್ತು ಅದು ಇರುವ ಜಾಗ, ಅಷ್ಟೇ. ಅದಕ್ಕೆ ಎಷ್ಟು ಆರ್ಗ್ಯುಮೆಂಟ್ ಬೇಕು, ಯಾವ ಟೈಪ್ ಬೇಕು, ಏನು ವಾಪಸ್ ಕೊಡುತ್ತದೆ ಎಂಬ ಮಾಹಿತಿ ಆ ಹೆಸರಿನ ಜೊತೆ ಬರುವುದಿಲ್ಲ. ಅದೆಲ್ಲ ಫಂಕ್ಷನ್‌ಗಳ ಘೋಷಣೆ ಬರೆದಿಡುವ ಹೆಡರ್ ಫೈಲ್‌ನಲ್ಲಿ ಉಳಿದುಬಿಡುತ್ತದೆ. ಸಿ ಲೈಬ್ರರಿ ಕರೆಯಲು ಪೈಥಾನ್‌ನಲ್ಲಿರುವ ಸಿಟೈಪ್ಸ್ ಮಾಡ್ಯೂಲ್ ಹೆಡರ್ ಓದುವುದಿಲ್ಲ. ನೀವು ಹೇಳಿದ್ದನ್ನೇ ನಂಬುತ್ತದೆ. ಏನೂ ಹೇಳದಿದ್ದರೆ ತಾನೇ ಒಂದು ಊಹೆ ಮಾಡುತ್ತದೆ. ಹಾಗಾಗಿ ಹುಡುಕಾಟ ಶುರುವಾಗಬೇಕಾದ್ದು ಹೆಡರ್ ಫೈಲ್‌ನಿಂದ. ಹೆಡರ್‌ನಲ್ಲಿರುವ ಘೋಷಣೆ ಒಂದು ಕಡೆ, ನೀವು ಬರೆದ ಘೋಷಣೆ ಇನ್ನೊಂದು ಕಡೆ ಇಟ್ಟುಕೊಂಡು ಒಂದೊಂದೇ ಪದ ಹೋಲಿಸಿ.

ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಪೈಥಾನ್ ಮತ್ತು ಸಿ ನಡುವಿನವು. ಸಿಟೈಪ್ಸ್ 2006ರಿಂದ, ಅಂದರೆ ಪೈಥಾನ್ 2.5ರಿಂದ ಜೊತೆಯಲ್ಲೇ ಬರುತ್ತಿದೆ. ಬೇರೇನೂ ಇನ್‌ಸ್ಟಾಲ್ ಮಾಡದೆ ಪರೀಕ್ಷಿಸಬಹುದು. ಜಾವಾ, ಗೋ, ರಸ್ಟ್, ಡಾಟ್‌ನೆಟ್ ಬಳಸುವವರಿಗೂ ಕಾರಣಗಳು ಇವೇ. ಸಂದೇಶದ ಮಾತು ಮಾತ್ರ ಬೇರೆ.

ಮೊದಲು ಎರಡು ಕೆಲಸ

ಮೊದಲನೆಯದು, ಬಿದ್ದ ಜಾಗ ತಿಳಿಯುವುದು. ಪೈಥಾನ್ 3.3ರಿಂದ ‘ಫಾಲ್ಟ್‌ಹ್ಯಾಂಡ್ಲರ್’ ಎಂಬ ಮಾಡ್ಯೂಲ್ ಇದೆ. ಪ್ರೋಗ್ರಾಂನ ಮೊದಲ ಸಾಲಿನಲ್ಲೇ ಅದನ್ನು ಇಂಪೋರ್ಟ್ ಮಾಡಿ ಎನೇಬಲ್ ಮಾಡಿ. ಮುಂದಿನ ಸಲ ಬಿದ್ದಾಗ ಪೈಥಾನ್ ಕಡೆಯ ಯಾವ ಸಾಲಿನಿಂದ ಕರೆ ಹೋಗಿತ್ತು ಎಂಬುದು ಕಾಣುತ್ತದೆ. ಶೆಲ್‌ನಲ್ಲಿ ಪ್ರೋಗ್ರಾಂ ಬಿಟ್ಟುಹೋದ ಸಂಖ್ಯೆಯನ್ನೂ ನೋಡಿ. 139 ಬಂದರೆ ಮುಟ್ಟಬಾರದ ಮೆಮೊರಿ ಮುಟ್ಟಿದೆ ಅಂತ ಅರ್ಥ. 128ಕ್ಕೆ 11ನೇ ಸಿಗ್ನಲ್ ಸೇರಿಸಿದರೆ 139. ಹಾಗೆಯೇ 134 ಬಂದರೆ 6ನೇ ಸಿಗ್ನಲ್, ಅಂದರೆ ಕೋಡ್ ತಾನಾಗಿಯೇ ಅಬಾರ್ಟ್ ಮಾಡಿಕೊಂಡಿದೆ. ಒಂದೇ ಮೆಮೊರಿಯನ್ನು ಎರಡು ಸಲ ಫ್ರೀ ಮಾಡಿದಾಗ, ಅಂದರೆ ಬಿಟ್ಟುಕೊಟ್ಟಾಗ, ಲಿನಕ್ಸ್‌ನಲ್ಲಿ ಹೆಚ್ಚಾಗಿ ಈ ಎರಡನೆಯದು ಕಾಣುತ್ತದೆ. ಜಾವಾದವರಿಗೆ ‘ಎಚ್‌ಎಸ್ ಎರ್ರ್ ಪಿಐಡಿ’ ಅಂತ ಶುರುವಾಗುವ ಹೆಸರಿನ ಒಂದು ಲಾಗ್ ಫೈಲ್ ಸಿಗುತ್ತದೆ. ಅದರಲ್ಲಿ ‘ಪ್ರಾಬ್ಲಮ್ಯಾಟಿಕ್ ಫ್ರೇಮ್’ ಎಂಬ ಸಾಲನ್ನು ಮೊದಲು ಓದಿ.

ಎರಡನೆಯದು, ಹತ್ತು ಸಾಲಿನ ಒಂದು ಸಿ ಪ್ರೋಗ್ರಾಂ ಬರೆಯುವುದು. ಅದೇ ಲೈಬ್ರರಿ, ಅದೇ ಫಂಕ್ಷನ್, ಅದೇ ಡೇಟಾ. ಈ ಕೆಲಸ ಬೇಜಾರು ತರಿಸುತ್ತದೆ, ನನಗೆ ಗೊತ್ತು. ಆದರೆ ಇದನ್ನು ಬಿಟ್ಟವರು ಆಮೇಲೆ ದಿನಗಟ್ಟಲೆ ಸುತ್ತುತ್ತಾರೆ. ಸಿಯಿಂದ ಕರೆದಾಗ ಸರಿಯಾಗಿ ಓಡಿದರೆ ಲೈಬ್ರರಿಯ ಮೇಲಿನ ಅನುಮಾನ ಮುಗಿಯಿತು. ಗಡಿಯನ್ನು ಮಾತ್ರ ನೋಡಿದರೆ ಸಾಕು. ಸಿಯಿಂದಲೂ ಬಿದ್ದರೆ ಪೈಥಾನ್ ಕೋಡ್ ಕೆದಕುವುದನ್ನು ನಿಲ್ಲಿಸಿ.

ಇದಾದಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ತೊಂದರೆ ಯಾವಾಗ ಬಂತು? ಲೈಬ್ರರಿ ತೆರೆಯುವಾಗಲೇ, ಫಂಕ್ಷನ್ ಹೆಸರು ಹುಡುಕುವಾಗಲೇ, ಕರೆದ ತಕ್ಷಣವೇ, ಅಥವಾ ಎಷ್ಟೋ ಹೊತ್ತಿನ ಮೇಲೆಯೇ? ತಡವಾದಷ್ಟೂ ಹುಡುಕುವುದು ಕಷ್ಟ.

ಲೈಬ್ರರಿ ತೆರೆಯುವುದೇ ಇಲ್ಲ

ಇದು ಎಲ್ಲಕ್ಕಿಂತ ಸುಲಭ. ಆದರೂ ಒಂದು ಕಡೆ ಬಹಳ ಜನ ಮೋಸ ಹೋಗುತ್ತಾರೆ. ‘ಅಂಥ ಫೈಲ್ ಇಲ್ಲ’ ಎನ್ನುವ ಸಂದೇಶ ಬರುತ್ತದೆ, ಆದರೆ ಫೈಲ್ ಕಣ್ಣೆದುರೇ ಇದೆ! ಹೀಗಾದಾಗ ಕಾಣೆಯಾಗಿರುವುದು ನಿಮ್ಮ ಲೈಬ್ರರಿ ಅಲ್ಲ, ಅದು ಅವಲಂಬಿಸಿರುವ ಇನ್ನೊಂದು ಲೈಬ್ರರಿ. ಲಿನಕ್ಸ್‌ನಲ್ಲಿ ಸಂದೇಶದಲ್ಲಿರುವ ಫೈಲಿನ ಹೆಸರನ್ನು ನಿಧಾನವಾಗಿ ಓದಿ. ಹೆಚ್ಚಾಗಿ ಅದು ಬೇರೆಯೇ ಹೆಸರಾಗಿರುತ್ತದೆ. ‘ಎಲ್‌ಡಿಡಿ’ ಆಜ್ಞೆಗೆ ನಿಮ್ಮ ಲೈಬ್ರರಿಯ ದಾರಿ ಕೊಟ್ಟರೆ ಬೇಕಾದವುಗಳ ಪಟ್ಟಿ ಬರುತ್ತದೆ. ‘ನಾಟ್ ಫೌಂಡ್’ ಅಂತ ಇರುವ ಸಾಲೇ ಕಳ್ಳ. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ‘ಓಟೂಲ್’ ಇದೆ. ವಿಂಡೋಸ್ ಮಾತ್ರ ಯಾವ ಫೈಲ್ ಅಂತ ಹೇಳುವುದಿಲ್ಲ, 126 ಎಂಬ ತಪ್ಪಿನ ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ.

ವಿಂಡೋಸ್‌ನಲ್ಲಿ ಇನ್ನೊಂದು ಮಾತು. ಪೈಥಾನ್ 3.8ರಿಂದ ಡಿಎಲ್‌ಎಲ್‌ಗಳ, ಅಂದರೆ ವಿಂಡೋಸ್ ಲೈಬ್ರರಿ ಫೈಲ್‌ಗಳ, ಅವಲಂಬನೆಗಳನ್ನು ‘ಪಾತ್’ ವೇರಿಯಬಲ್‌ನಲ್ಲಿ ಹುಡುಕುವುದನ್ನು ನಿಲ್ಲಿಸಿದ್ದಾರೆ. 3.7ರಲ್ಲಿ ಓಡುತ್ತಿದ್ದ ಕೋಡ್ 3.8ರಲ್ಲಿ ಲೈಬ್ರರಿ ಸಿಗಲಿಲ್ಲ ಎಂದರೆ ಇದೇ ಕಾರಣ ಇರಬಹುದು. ‘ಆಡ್ ಡಿಎಲ್‌ಎಲ್ ಡೈರೆಕ್ಟರಿ’ ಎಂಬ ಫಂಕ್ಷನ್‌ನಿಂದ ಆ ಫೋಲ್ಡರ್ ಅನ್ನು ಸೇರಿಸಬೇಕು. ಮ್ಯಾಕ್‌ನಲ್ಲಿ ಲೈಬ್ರರಿ ದಾರಿ ಹೇಳುವ ಪರಿಸರ ವೇರಿಯಬಲ್ ಸೆಟ್ ಮಾಡಿದರೂ ಕೆಲವೊಮ್ಮೆ ಕೆಲಸ ಮಾಡುವುದಿಲ್ಲ. ಸಿಸ್ಟಂ ಇಂಟೆಗ್ರಿಟಿ ಪ್ರೊಟೆಕ್ಷನ್ ಬಂದಮೇಲೆ, ಸಿಸ್ಟಂನ ಸ್ವಂತ ಪ್ರೋಗ್ರಾಂಗಳ ಮೂಲಕ ಹಾದುಹೋಗುವಾಗ ಆ ವೇರಿಯಬಲ್ ಅಳಿಸಿಹೋಗುತ್ತದೆ. ಲೈಬ್ರರಿಯ ಪೂರ್ತಿ ದಾರಿ ಕೊಟ್ಟು ತೆರೆಯುವುದು ಒಳ್ಳೆಯದು.

ಫೈಲ್ ಸಿಕ್ಕರೂ ತೆರೆಯದಿದ್ದರೆ ಬಿಟ್‌ಗಳ ಜಗಳ ಇರಬಹುದು. 64 ಬಿಟ್ ಪೈಥಾನ್ 32 ಬಿಟ್ ಲೈಬ್ರರಿಯನ್ನು ತನ್ನೊಳಗೆ ಹಾಕಿಕೊಳ್ಳಲಾರದು. ವಿಂಡೋಸ್ ಇದಕ್ಕೆ 193 ಎನ್ನುತ್ತದೆ. ಲಿನಕ್ಸ್ ‘ರಾಂಗ್ ಇಎಲ್‌ಎಫ್ ಕ್ಲಾಸ್’ ಎನ್ನುತ್ತದೆ. ಆಪಲ್‌ನ ಹೊಸ ಮ್ಯಾಕ್‌ಗಳಲ್ಲಿ ಎರಡೂ 64 ಬಿಟ್ಟೇ, ಆದರೆ ಒಂದು ಇಂಟೆಲ್‌ಗೆ ಕಟ್ಟಿದ್ದು, ಇನ್ನೊಂದು ಆರ್ಮ್‌ಗೆ ಕಟ್ಟಿದ್ದು. ‘ಫೈಲ್’ ಎಂಬ ಆಜ್ಞೆಯನ್ನು ಪೈಥಾನ್ ಮೇಲೂ ಲೈಬ್ರರಿ ಮೇಲೂ ಓಡಿಸಿ. ಎರಡೂ ಉತ್ತರ ಹೊಂದಬೇಕು.

ಇನ್ನು ಉಳಿದದ್ದು ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎನ್ನುವಂಥ ಸಂದೇಶ. ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ. ಹೊಸ ಲಿನಕ್ಸ್‌ನಲ್ಲಿ ಕಟ್ಟಿದ ಲೈಬ್ರರಿಯನ್ನು ಹಳೆಯದರ ಮೇಲೆ ಓಡಿಸಿದ್ದೀರಿ. ಉಬುಂಟು 22.04ರಲ್ಲಿ ಇರುವುದು ಜಿಲಿಬ್‌ಸಿ 2.35. 20.04ರಲ್ಲಿ 2.31. ಮುಂದಿನದರಲ್ಲಿ ಕಟ್ಟಿ ಹಿಂದಿನದಕ್ಕೆ ಒಯ್ದರೆ ಹೀಗಾಗುತ್ತದೆ. ಆ ಫೈಲ್ ಮಾತ್ರ ತಂದು ಹಾಕಲು ಹೋಗಬೇಡಿ, ಇಡೀ ಸಿಸ್ಟಂ ಕೆಡುತ್ತದೆ. ನೀವು ಬೆಂಬಲಿಸಬೇಕಾದ ಅತಿ ಹಳೆಯ ಸಿಸ್ಟಂ ಮೇಲೆ ಲೈಬ್ರರಿ ಕಟ್ಟುವುದೇ ದಾರಿ.

ಲೈಬ್ರರಿ ತೆರೆಯಿತು, ಫಂಕ್ಷನ್ ಸಿಗುತ್ತಿಲ್ಲ

ಲೈಬ್ರರಿ ನಿಜವಾಗಿ ಯಾವ ಹೆಸರುಗಳನ್ನು ಹೊರಗೆ ತೋರಿಸುತ್ತಿದೆ ಅಂತ ನೋಡಿ. ಲಿನಕ್ಸ್‌ನಲ್ಲಿ ‘ಎನ್‌ಎಂ’ ಆಜ್ಞೆಗೆ ದೊಡ್ಡಕ್ಷರದ ಡಿ ಆಯ್ಕೆ ಕೊಟ್ಟರೆ ಪಟ್ಟಿ ಬರುತ್ತದೆ. ವಿಂಡೋಸ್‌ನಲ್ಲಿ ‘ಡಂಪ್‌ಬಿನ್’ಗೆ ಎಕ್ಸ್‌ಪೋರ್ಟ್ಸ್ ಆಯ್ಕೆ ಕೊಡಬೇಕು. ನಿಮ್ಮ ಹೆಸರು ಪಟ್ಟಿಯಲ್ಲಿ ಹೇಗಿದೆ ಎಂಬುದರ ಮೇಲೆ ಕಾರಣ ಗೊತ್ತಾಗುತ್ತದೆ.

ಹೆಸರು ವಿಕಾರವಾಗಿದ್ದರೆ ಲೈಬ್ರರಿ ಸಿ ಪ್ಲಸ್ ಪ್ಲಸ್‌ನದು. ಆ ಭಾಷೆಯಲ್ಲಿ ಒಂದೇ ಹೆಸರಿನ ಹಲವು ಫಂಕ್ಷನ್ ಇರಬಹುದು. ಹಾಗಾಗಿ ಕಂಪೈಲರ್ ಟೈಪ್‌ಗಳನ್ನೂ ಹೆಸರಿಗೆ ಹೆಣೆಯುತ್ತದೆ. ಎರಡು ಇಂಟ್ ತೆಗೆದುಕೊಳ್ಳುವ ‘ಆಡ್’ ಎಂಬ ಫಂಕ್ಷನ್ ಜಿಸಿಸಿ ಕಂಪೈಲರ್‌ನ ಕೈಯಲ್ಲಿ ‘ಅಂಡರ್‌ಸ್ಕೋರ್ ಝಡ್ 3 ಆಡ್ ಐ ಐ’ ಆಗುತ್ತದೆ. 3 ಅಂದರೆ ಹೆಸರಿನ ಉದ್ದ, ಎರಡು ಐ ಅಂದರೆ ಎರಡು ಇಂಟ್. ಈ ಹೆಸರನ್ನೇ ಪೈಥಾನ್‌ನಲ್ಲಿ ಬರೆದು ಕರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಂಪೈಲರ್ ಬದಲಾದರೆ ಹೆಸರೂ ಬದಲಾಗುತ್ತದೆ. ಸಿ ಪ್ಲಸ್ ಪ್ಲಸ್ ಕಡೆಯಲ್ಲಿ ‘ಎಕ್ಸ್‌ಟರ್ನ್ ಸಿ’ ಹಾಕಿದ ಸಣ್ಣ ಹೊದಿಕೆ ಫಂಕ್ಷನ್ ಬರೆಯುವುದೇ ಸರಿಯಾದ ದಾರಿ. ಫೋರ್‌ಟ್ರಾನ್ ಲೈಬ್ರರಿಯಾದರೆ ಹೆಸರು ಸಣ್ಣಕ್ಷರಕ್ಕೆ ಬದಲಾಗಿ ಕೊನೆಯಲ್ಲಿ ಒಂದು ಅಂಡರ್‌ಸ್ಕೋರ್ ಸೇರಿರುತ್ತದೆ. ಜಿಫೋರ್‌ಟ್ರಾನ್ ಕಂಪೈಲರ್‌ನ ರೂಢಿ ಅದು. ಅಲ್ಲಿ ಆರ್ಗ್ಯುಮೆಂಟ್‌ಗಳೂ ಪಾಯಿಂಟರ್, ಅಂದರೆ ಮೆಮೊರಿ ವಿಳಾಸ, ಆಗಿ ಹೋಗಬೇಕು ಮತ್ತು ಮ್ಯಾಟ್ರಿಕ್ಸ್ ಕಾಲಂ ಕಾಲಂ ಆಗಿ ಕೂರುತ್ತದೆ. ಸಾಲು ಸಾಲಾಗಿ ಕಳಿಸಿದರೆ ಸಂಖ್ಯೆಗಳೆಲ್ಲ ಇರುತ್ತವೆ, ಜಾಗ ಮಾತ್ರ ಅದಲುಬದಲು.

ಹೆಸರು ಪಟ್ಟಿಯಲ್ಲೇ ಇಲ್ಲದಿದ್ದರೆ ಅದು ಫಂಕ್ಷನ್ ಅಲ್ಲದೆ ಮ್ಯಾಕ್ರೋ, ಅಂದರೆ ಕಂಪೈಲ್ ಆಗುವ ಮೊದಲೇ ಬೇರೆ ಕೋಡ್ ಆಗಿ ಬದಲಾಗುವ ಹೆಸರು, ಆಗಿರಬಹುದು. ಇದಕ್ಕೆ ಡೇಟಾ ಕುಗ್ಗಿಸುವ ಝಡ್‌ಲಿಬ್ ಲೈಬ್ರರಿ ಒಳ್ಳೆಯ ಉದಾಹರಣೆ. ದಸ್ತಾವೇಜಿನಲ್ಲಿ ‘ಇನ್‌ಫ್ಲೇಟ್‌ಇನಿಟ್’ ಕರೆಯಿರಿ ಅಂತ ಇದೆ. ಲೈಬ್ರರಿಯಲ್ಲಿ ಆ ಹೆಸರೇ ಇಲ್ಲ. ಹೆಡರ್ ತೆರೆದು ನೋಡಿದರೆ ಅದೊಂದು ಮ್ಯಾಕ್ರೋ. ನಿಜವಾದ ಫಂಕ್ಷನ್‌ನ ಹೆಸರಿನ ಕೊನೆಯಲ್ಲಿ ಅಂಡರ್‌ಸ್ಕೋರ್ ಇದೆ, ಮತ್ತು ಮ್ಯಾಕ್ರೋ ಅದಕ್ಕೆ ಇನ್ನೆರಡು ಆರ್ಗ್ಯುಮೆಂಟ್ ಸೇರಿಸುತ್ತದೆ: ಝಡ್‌ಲಿಬ್ ಆವೃತ್ತಿ ಮತ್ತು ಸ್ಟ್ರಕ್ಟ್‌ನ (ಹಲವು ಅಂಶಗಳನ್ನು ಸೇರಿಸಿ ಕಟ್ಟಿದ ಸಿ ಟೈಪ್) ಗಾತ್ರ. ಗಾತ್ರ ಹೊಂದದಿದ್ದರೆ ಝಡ್‌ಲಿಬ್ ಮೈನಸ್ 6 ಎಂಬ ಉತ್ತರ ಕೊಟ್ಟು ಅಲ್ಲೇ ನಿಲ್ಲಿಸುತ್ತದೆ. ಗಡಿಯಲ್ಲಿ ಕಾವಲುಗಾರ ಇಲ್ಲ ಅಂದೆನಲ್ಲ, ಇವರು ತಾವೇ ಒಬ್ಬನನ್ನು ನಿಲ್ಲಿಸಿದ್ದಾರೆ. ಲೈಬ್ರರಿ ಬರೆಯುವವರೆಲ್ಲ ಇದನ್ನು ಮಾಡಬೇಕು ಅಂತ ನನ್ನ ಆಸೆ.

ಕರೆ ಹೋಗುತ್ತದೆ, ಉತ್ತರ ತಪ್ಪು

ನಿಜವಾದ ಹುಡುಕಾಟ ಇಲ್ಲಿಂದ ಶುರು.

ಸಿಟೈಪ್ಸ್‌ಗೆ ನೀವು ಏನೂ ಹೇಳದಿದ್ದರೆ, ಪ್ರತಿ ಫಂಕ್ಷನ್ ಇಂಟ್ ವಾಪಸ್ ಕೊಡುತ್ತದೆ ಅಂತ ಅದು ಅಂದುಕೊಳ್ಳುತ್ತದೆ. ಗಣಿತದ ಲೈಬ್ರರಿಯಿಂದ ವರ್ಗಮೂಲದ ಫಂಕ್ಷನ್ ಕರೆದು ನೋಡಿ. ಅದು ಡಬಲ್, ಅಂದರೆ ದಶಮಾಂಶ ಸಂಖ್ಯೆ, ಕೊಡುತ್ತದೆ. ಇಂದಿನ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಲ್ಲಿ ಡಬಲ್ ವಾಪಸ್ ಬರುವ ರಿಜಿಸ್ಟರ್ ಬೇರೆ, ಇಂಟ್ ವಾಪಸ್ ಬರುವ ರಿಜಿಸ್ಟರ್ ಬೇರೆ. ಉತ್ತರ ಒಂದು ಬುಟ್ಟಿಯಲ್ಲಿದೆ, ಪೈಥಾನ್ ಕೈ ಹಾಕುವುದು ಇನ್ನೊಂದಕ್ಕೆ. ಅಲ್ಲಿ ಮೊದಲೇ ಬಿದ್ದಿದ್ದ ಯಾವುದೋ ಸಂಖ್ಯೆ ಸಿಗುತ್ತದೆ. ಪ್ರತಿ ಸಲ ಓಡಿಸಿದಾಗ ಬೇರೆ ಬೇರೆ ವಿಚಿತ್ರ ಪೂರ್ಣಾಂಕ ಬರುತ್ತಿದ್ದರೆ ವಾಪಸ್ ಬರುವ ಟೈಪ್ ಹೇಳುವ ‘ರೆಸ್‌ಟೈಪ್’ ಬರೆಯಲು ಮರೆತಿದ್ದೀರಿ ಅಂತಲೇ ಅರ್ಥ.

ಪಾಯಿಂಟರ್ ವಾಪಸ್ ಕೊಡುವ ಫಂಕ್ಷನ್‌ಗಳಲ್ಲಿ ಇದೇ ತಪ್ಪು ಇನ್ನೂ ಅಪಾಯ. 64 ಬಿಟ್ ಸಿಸ್ಟಂನಲ್ಲಿ ವಿಳಾಸ 8 ಬೈಟ್. ಇಂಟ್ 4 ಬೈಟ್. ವಿಳಾಸದ ಮೇಲಿನ ಅರ್ಧ ಕತ್ತರಿಸಿಹೋಗುತ್ತದೆ. ಆ ಲೈಬ್ರರಿಯ ಮೆಮೊರಿ ಅಕಸ್ಮಾತ್ತಾಗಿ ಕೆಳಗಿನ 2 ಗಿಗಾಬೈಟ್ ಒಳಗೇ ಬಿದ್ದಿದ್ದರೆ ಎಲ್ಲವೂ ಸರಿ ಕಾಣುತ್ತದೆ. ಇನ್ನೊಂದು ಯಂತ್ರಕ್ಕೆ ಹೋದಾಗ ಬೀಳುತ್ತದೆ. ‘ನನ್ನ ಕಂಪ್ಯೂಟರ್‌ನಲ್ಲಿ ಓಡುತ್ತೆ, ಸರ್ವರ್‌ನಲ್ಲಿ ಬೀಳುತ್ತೆ’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಇದನ್ನೇ. ಹೀಗೆ ವಾಪಸ್ ಬಂದ ಪಾಯಿಂಟರ್ ಅನ್ನು ಪ್ರಿಂಟ್ ಮಾಡಿದಾಗ ಋಣ ಸಂಖ್ಯೆ ಬಂದರೆ ಅನುಮಾನವೇ ಬೇಡ.

ವಾಪಸ್ ಬರುವ ಟೈಪ್ ಸರಿ ಮಾಡಿದರೂ ಅರ್ಧ ಕೆಲಸವೇ ಆಗಿರುವುದು. ಆ ಪಾಯಿಂಟರ್ ಪೈಥಾನ್‌ಗೆ ಬಂದಾಗ ಸಾಮಾನ್ಯ ಪೂರ್ಣಾಂಕ ಆಗಿರುತ್ತದೆ. ಅದನ್ನು ಮುಂದಿನ ಫಂಕ್ಷನ್‌ಗೆ ಕಳಿಸುವಾಗ ಆರ್ಗ್ಯುಮೆಂಟ್‌ಗಳ ಟೈಪ್ ಹೇಳುವ ‘ಆರ್ಗ್‌ಟೈಪ್ಸ್’ ಬರೆದಿರದಿದ್ದರೆ ಸಿಟೈಪ್ಸ್ ಅದನ್ನು ಮತ್ತೆ ಇಂಟ್ ಮಾಡಿ ಕಳಿಸುತ್ತದೆ. ಬರುವಾಗ ಪೂರ್ತಿ ಬಂದದ್ದು ಹೋಗುವಾಗ ಕತ್ತರಿಸಿಹೋಯಿತು. ವಿಂಡೋಸ್‌ನಲ್ಲಿ ‘ಇಂಟ್ ಟೂ ಲಾಂಗ್’ ಅಂತ ಗದರುತ್ತದೆ. ಲಿನಕ್ಸ್‌ನಲ್ಲಿ ಸದ್ದಿಲ್ಲದೆ ಕತ್ತರಿಸುತ್ತದೆ. ಆದ್ದರಿಂದ ಕರೆಯುವ ಪ್ರತಿ ಫಂಕ್ಷನ್‌ಗೂ ಎರಡನ್ನೂ ಬರೆಯಿರಿ. ಏನೂ ವಾಪಸ್ ಕೊಡದ ಫಂಕ್ಷನ್‌ಗೂ ರೆಸ್‌ಟೈಪ್ ‘ನನ್’ ಅಂತ ಬರೆಯಿರಿ. ಇದೊಂದು ಅಭ್ಯಾಸ ಇದ್ದರೆ ಈ ಭಾಗದ ತೊಂದರೆಗಳಲ್ಲಿ ಬಹುಪಾಲು ಬರುವುದೇ ಇಲ್ಲ.

ಗಾತ್ರದ ವಿಷಯದಲ್ಲಿ ‘ಲಾಂಗ್’ ಎಂಬ ಟೈಪ್ ನಂಬಬೇಡಿ. 64 ಬಿಟ್ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದು 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ಹೆಡರ್‌ನಲ್ಲಿ ಲಾಂಗ್ ಇದ್ದರೆ ನೀವೂ ಲಾಂಗ್ ಅಂತಲೇ ಬರೆಯಿರಿ, ‘64 ಬಿಟ್ ಇಂಟ್’ ಅಂತ ಅಲ್ಲ. ಡಾಟ್‌ನೆಟ್‌ನವರಿಗೆ ‘ಬೂಲ್’ ಇನ್ನೊಂದು ಬಲೆ. ಸಿಯ ಬೂಲ್ ಒಂದೇ ಬೈಟ್. ಡಾಟ್‌ನೆಟ್ ಪೂರ್ವನಿಯೋಜಿತವಾಗಿ 4 ಬೈಟ್ ಅಂತ ಓದುತ್ತದೆ. ಪಕ್ಕದ ಮೂರು ಬೈಟ್‌ನಲ್ಲಿ ಕಸ ಇದ್ದರೆ ‘ಫಾಲ್ಸ್’ ಎಂಬುದು ‘ಟ್ರೂ’ ಆಗಿ ಬರುತ್ತದೆ.

ಎಷ್ಟು ಆರ್ಗ್ಯುಮೆಂಟ್ ಬೇಕಾದರೂ ತೆಗೆದುಕೊಳ್ಳುವ, ಪ್ರಿಂಟ್‌ಎಫ್ ತರದ ಫಂಕ್ಷನ್‌ಗಳು ಆಪಲ್‌ನ ಆರ್ಮ್ ಮ್ಯಾಕ್‌ಗಳಲ್ಲಿ ಮಾತ್ರ ತಪ್ಪು ಕೊಡುತ್ತಿವೆಯಾ? ಅಲ್ಲಿ ಬದಲಾಗುವ ಆರ್ಗ್ಯುಮೆಂಟ್‌ಗಳು ರಿಜಿಸ್ಟರ್ ಬಿಟ್ಟು ಸ್ಟ್ಯಾಕ್ ಮೇಲೆ ಹೋಗುತ್ತವೆ. ಬದಲಾಗದ ಆರ್ಗ್ಯುಮೆಂಟ್‌ಗಳನ್ನು ಆರ್ಗ್‌ಟೈಪ್ಸ್‌ನಲ್ಲಿ ಬರೆದರೆ ಬದಲಾಗುವವು ಎಲ್ಲಿಂದ ಶುರು ಅಂತ ಸಿಟೈಪ್ಸ್‌ಗೆ ತಿಳಿಯುತ್ತದೆ.

ಸ್ಟ್ರಕ್ಟ್‌ನ ಒಳಗೆ ಖಾಲಿ ಜಾಗ

ಸ್ಟ್ರಕ್ಟ್‌ನ ಮೊದಲ ಅಂಶ ಸರಿ ಬರುತ್ತದೆ, ಎರಡನೆಯದರಿಂದ ಎಲ್ಲ ಕಸ. ಈ ಲಕ್ಷಣ ಕಂಡರೆ ಅಂಶಗಳ ಜಾಗ ಹೊಂದುತ್ತಿಲ್ಲ. ಒಂದು ಸ್ಟ್ರಕ್ಟ್‌ನಲ್ಲಿ ಕ್ಯಾರ್, ಡಬಲ್, ಇಂಟ್ ಈ ಕ್ರಮದಲ್ಲಿವೆ ಅಂದುಕೊಳ್ಳಿ. ಕೂಡಿದರೆ 1, 8, 4 ಸೇರಿ 13 ಬೈಟ್ ಅಲ್ವಾ? 64 ಬಿಟ್ ಸಿಸ್ಟಂನಲ್ಲಿ ಸಿ ಕಂಪೈಲರ್ ಕೊಡುವ ಉತ್ತರ 24. ಡಬಲ್ 8ರ ಗುಣಕದ ಜಾಗದಲ್ಲೇ ಕೂರಬೇಕು. ಅದಕ್ಕಾಗಿ ಕ್ಯಾರ್ ಆದಮೇಲೆ 7 ಬೈಟ್ ಖಾಲಿ ಬಿಡುತ್ತದೆ. ಕೊನೆಯಲ್ಲೂ 4 ಬೈಟ್ ಖಾಲಿ, ಯಾಕೆಂದರೆ ಇದೇ ಸ್ಟ್ರಕ್ಟ್ ಅರೇ ಆಗಿ ಬಂದಾಗ ಮುಂದಿನದೂ ಸರಿಯಾದ ಜಾಗದಲ್ಲಿ ಕೂರಬೇಕು. ಅದೇ ಅಂಶಗಳನ್ನು ಡಬಲ್, ಇಂಟ್, ಕ್ಯಾರ್ ಕ್ರಮದಲ್ಲಿ ಇಟ್ಟರೆ 16 ಬೈಟ್ ಸಾಕು. ಕ್ರಮ ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ಸಿಟೈಪ್ಸ್ ಈ ಖಾಲಿ ಜಾಗವನ್ನು ತಾನೇ ಲೆಕ್ಕ ಹಾಕುತ್ತದೆ. ತೊಂದರೆ ಬರುವುದು ಲೈಬ್ರರಿಯನ್ನು ಖಾಲಿ ಜಾಗ ಬಿಡಬೇಡ ಎನ್ನುವ ‘ಪ್ಯಾಕ್’ ಸೂಚನೆಯೊಂದಿಗೆ ಕಟ್ಟಿದ್ದಾಗ, ಅಥವಾ ಹೊಸ ಆವೃತ್ತಿಯಲ್ಲಿ ಸ್ಟ್ರಕ್ಟ್‌ಗೆ ಒಂದು ಅಂಶ ಸೇರಿಸಿದ್ದಾಗ. ಪರೀಕ್ಷೆ ಸುಲಭ. ಹತ್ತು ಸಾಲಿನ ಆ ಸಿ ಪ್ರೋಗ್ರಾಂ ಇದೆಯಲ್ಲ, ಅದರಲ್ಲಿ ಸ್ಟ್ರಕ್ಟ್‌ನ ‘ಸೈಜ್‌ಆಫ್’ ಮತ್ತು ಪ್ರತಿ ಅಂಶದ ‘ಆಫ್‌ಸೆಟ್‌ಆಫ್’ ಪ್ರಿಂಟ್ ಮಾಡಿ. ಪೈಥಾನ್ ಕಡೆಯಲ್ಲೂ ಅವನ್ನೇ ಪ್ರಿಂಟ್ ಮಾಡಿ. ಎರಡು ಪಟ್ಟಿ ಎಲ್ಲಿ ಬೇರೆಯಾಗುತ್ತವೆಯೋ ಆ ಅಂಶದಲ್ಲಿ ಅಥವಾ ಅದರ ಹಿಂದಿನದರಲ್ಲಿ ತಪ್ಪಿದೆ.

ಅಕ್ಷರಗಳು ಅರ್ಧಂಬರ್ಧ

ಲಿನಕ್ಸ್‌ನಲ್ಲಿ ಇಂಗ್ಲಿಷ್ ಪದ ಕಳಿಸಿದರೆ ಲೈಬ್ರರಿಗೆ ಮೊದಲ ಅಕ್ಷರ ಮಾತ್ರ ಮುಟ್ಟುತ್ತದೆ. ಪೈಥಾನ್ 3ರ ಸ್ಟ್ರಿಂಗ್ ಅನ್ನು ಆರ್ಗ್‌ಟೈಪ್ಸ್ ಇಲ್ಲದೆ ಹಾಗೇ ಕಳಿಸಿದಾಗ ಸಿಟೈಪ್ಸ್ ಅದನ್ನು ಅಗಲ ಅಕ್ಷರಗಳಾಗಿ ಕಳಿಸುತ್ತದೆ, ಒಂದೊಂದಕ್ಕೂ 4 ಬೈಟ್. ಮೊದಲ ಬೈಟ್‌ನಲ್ಲಿ ಅಕ್ಷರ, ಉಳಿದ ಮೂರರಲ್ಲಿ ಸೊನ್ನೆ. ಸಿಗೆ ಸೊನ್ನೆ ಅಂದರೆ ಪದ ಮುಗಿಯಿತು. ಯುಟಿಎಫ್ 8ಗೆ ಎನ್‌ಕೋಡ್ ಮಾಡಿ ಬೈಟ್ಸ್ ಆಗಿ ಕಳಿಸಿ.

ಕನ್ನಡ ಪಠ್ಯ ಕಳಿಸುವಾಗ ಉದ್ದದ ಲೆಕ್ಕ ಎಚ್ಚರದಿಂದ ಮಾಡಿ. ‘ಕನ್ನಡ’ ಎಂಬ ಪದ ಕಣ್ಣಿಗೆ 3 ಅಕ್ಷರ. ಪೈಥಾನ್ ಅದರ ಉದ್ದ 5 ಎನ್ನುತ್ತದೆ, ಒತ್ತಕ್ಷರ ಮಾಡುವ ಹಲಂತದ ಚಿಹ್ನೆಯನ್ನೂ ಸೇರಿಸಿ. ಯುಟಿಎಫ್ 8ರಲ್ಲಿ ಅದು 15 ಬೈಟ್. ಕೊನೆಯ ಸೊನ್ನೆ ಸೇರಿದರೆ 16. ಬಫರ್ ಗಾತ್ರ ಕೇಳುವ ಫಂಕ್ಷನ್‌ಗೆ ಪೈಥಾನ್ ಉದ್ದ ಕೊಟ್ಟರೆ ಪದ ನಡುವೆ ತುಂಡಾಗುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಮಾತ್ರ ಪರೀಕ್ಷೆ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಲೈಬ್ರರಿ ಬರೆಯಬೇಕಾದ ಜಾಗಕ್ಕೆ ಪೈಥಾನ್‌ನ ಬೈಟ್ಸ್ ಕೊಡಲೇಬಾರದು. ಬೈಟ್ಸ್ ಬದಲಾಗದ ವಸ್ತು ಅಂತ ಪೈಥಾನ್ ನಂಬಿರುತ್ತದೆ. ‘ಕ್ರಿಯೇಟ್ ಸ್ಟ್ರಿಂಗ್ ಬಫರ್’ ಬಳಸಿ.

ಸರಿಯಾಗಿ ಓಡಿ, ಆಮೇಲೆ ಬೀಳುತ್ತದೆ

ಇದು ಎಲ್ಲಕ್ಕಿಂತ ಕಠಿಣ. ಬೀಳುವ ಜಾಗಕ್ಕೂ ತಪ್ಪು ನಡೆದ ಜಾಗಕ್ಕೂ ಸಂಬಂಧವೇ ಇರುವುದಿಲ್ಲ.

ನಾನೊಂದು ಸಲ ಒಂದು ಸಾಧನದಿಂದ ಡೇಟಾ ಓದುವ ಲೈಬ್ರರಿಗೆ ಪೈಥಾನ್ ಹೊದಿಕೆ ಬರೆದಿದ್ದೆ. ಹೊಸ ಡೇಟಾ ಬಂದಾಗ ಲೈಬ್ರರಿ ನನ್ನ ಪೈಥಾನ್ ಫಂಕ್ಷನ್ ಅನ್ನು ಕರೆಯಬೇಕು. ನೋಂದಣಿ ಸರಿಯಾಗಿ ಆಯಿತು. ಮೊದಲ ಕೆಲವು ಕರೆಗಳೂ ಬಂದವು. ಕೆಲವು ನಿಮಿಷ ಕಳೆದಮೇಲೆ ಪ್ರೋಗ್ರಾಂ ಬಿತ್ತು. ಪ್ರತಿ ಸಲವೂ ಬೇರೆ ಬೇರೆ ಕಡೆ. ಎರಡು ದಿನ ಸಾಧನದ ಮೇಲೆ, ಕೇಬಲ್ ಮೇಲೆ ಅನುಮಾನಪಟ್ಟೆ. ಕಾರಣ ಒಂದೇ ಸಾಲಿನಲ್ಲಿತ್ತು. ಪೈಥಾನ್ ಫಂಕ್ಷನ್ ಅನ್ನು ಸಿ ಕಾಲ್‌ಬ್ಯಾಕ್ ಆಗಿ ಸುತ್ತಿ, ಆ ಸುತ್ತಿದ ವಸ್ತುವನ್ನು ಯಾವ ಹೆಸರಿಗೂ ಕಟ್ಟದೆ, ನೇರವಾಗಿ ನೋಂದಣಿ ಕರೆಯ ಒಳಗೇ ಕೊಟ್ಟಿದ್ದೆ. ಕರೆ ಮುಗಿದ ಕೂಡಲೇ ಪೈಥಾನ್ ದೃಷ್ಟಿಯಲ್ಲಿ ಅದು ಯಾರಿಗೂ ಬೇಡದ ವಸ್ತು. ಅದನ್ನು ತೆಗೆದುಹಾಕಿತು. ಲೈಬ್ರರಿ ಮಾತ್ರ ಹಳೆಯ ವಿಳಾಸವನ್ನು ಇಟ್ಟುಕೊಂಡಿತ್ತು. ಆ ಜಾಗಕ್ಕೆ ಬೇರೆ ಏನಾದರೂ ಬಂದು ಕೂರುವವರೆಗೆ ಎಲ್ಲ ಸರಿ ಕಂಡಿತು.

ಪರಿಹಾರ ಚಿಕ್ಕದು. ಸುತ್ತಿದ ಕಾಲ್‌ಬ್ಯಾಕ್ ಅನ್ನು ಕ್ಲಾಸ್‌ನ ಒಂದು ಅಂಶವಾಗಿ ಇಟ್ಟುಕೊಳ್ಳಿ. ಲೈಬ್ರರಿಗೆ ಅದು ಬೇಕಿರುವಷ್ಟು ಕಾಲ ಅದು ಬದುಕಿರಬೇಕು. ವಿಂಗಡಿಸುವ ‘ಕ್ಯೂಸಾರ್ಟ್’ ತರದ ಫಂಕ್ಷನ್‌ಗೆ ನೇರವಾಗಿ ಕೊಟ್ಟರೂ ತೊಂದರೆ ಇಲ್ಲ. ಅದು ವಾಪಸ್ ಬರುವ ಮೊದಲೇ ಕಾಲ್‌ಬ್ಯಾಕ್ ಬಳಸಿ ಮುಗಿಸಿರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಕ್ಯೂಸಾರ್ಟ್ ಉದಾಹರಣೆ ನೋಡಿ ಕಲಿತವರು ಎಲ್ಲ ಕಡೆ ಅದನ್ನೇ ಮಾಡುತ್ತಾರೆ. ನಾನೂ ಹಾಗೇ ಕಲಿತಿದ್ದು.

ಡೇಟಾ ವಿಷಯದಲ್ಲೂ ಇದೇ ಪ್ರಶ್ನೆ: ಈ ಮೆಮೊರಿ ಯಾರದು, ಎಷ್ಟು ಹೊತ್ತು ಬದುಕಿರುತ್ತದೆ? ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಲೈಬ್ರರಿಯ ದಸ್ತಾವೇಜು ಇದನ್ನು ಚೆನ್ನಾಗಿ ಹೇಳುತ್ತದೆ. ಪಠ್ಯವನ್ನು ಬೈಂಡ್ ಮಾಡುವ, ಅಂದರೆ ಎಸ್‌ಕ್ಯೂಎಲ್ ಆಜ್ಞೆಗೆ ಸೇರಿಸುವ, ಫಂಕ್ಷನ್‌ನ ಐದನೇ ಆರ್ಗ್ಯುಮೆಂಟ್ ಸೊನ್ನೆ ಆದರೆ ‘ಸ್ಟ್ಯಾಟಿಕ್’, ಅಂದರೆ ಈ ಪಠ್ಯ ಅಲ್ಲೇ ಇರುತ್ತದೆ ಅಂತ ನೀವು ಮಾತು ಕೊಟ್ಟಂತೆ. ಎಸ್‌ಕ್ಯೂಲೈಟ್ ನಕಲು ಮಾಡಿಕೊಳ್ಳುವುದಿಲ್ಲ. ಮೈನಸ್ 1 ಆದರೆ ‘ಟ್ರಾನ್ಸಿಯೆಂಟ್’, ಅದು ಕೂಡಲೇ ತನ್ನದೇ ನಕಲು ಮಾಡಿಕೊಳ್ಳುತ್ತದೆ. ಪೈಥಾನ್‌ನ ತಾತ್ಕಾಲಿಕ ಬೈಟ್ಸ್ ಕೊಟ್ಟು ಸೊನ್ನೆ ಹಾಕಿದರೆ ಡೇಟಾಬೇಸ್‌ನಲ್ಲಿ ಕಸ ಬರೆಯಬಹುದು, ಒಂದು ತಪ್ಪಿನ ಸಂದೇಶವೂ ಇಲ್ಲದೆ. ಹಾಗೆಯೇ ಒಂದು ಕಾಲಂನ ಪಠ್ಯ ಓದಿದಾಗ ಸಿಗುವ ಪಾಯಿಂಟರ್ ಹೆಚ್ಚೆಂದರೆ ಮುಂದಿನ ಸಾಲಿಗೆ ಹೋಗುವ ‘ಸ್ಟೆಪ್’ ಕರೆಯುವವರೆಗೆ ಮಾತ್ರ ನಿಮ್ಮದು. ಬೇಕಾದರೆ ಅಷ್ಟರೊಳಗೆ ನಕಲು ಮಾಡಿಕೊಳ್ಳಿ.

ಬೀಳುವುದಿಲ್ಲ, ಆದರೆ ಮೆಮೊರಿ ಏರುತ್ತಲೇ ಹೋಗುತ್ತದೆ ಅಂದರೆ ಯಾರೋ ಫ್ರೀ ಮಾಡುತ್ತಿಲ್ಲ. ರೆಸ್‌ಟೈಪ್ ಆಗಿ ‘ಕ್ಯಾರ್ ಪಾಯಿಂಟರ್’ ಕೊಟ್ಟರೆ ಸಿಟೈಪ್ಸ್ ಅದನ್ನು ತಾನಾಗಿಯೇ ಬೈಟ್ಸ್ ಮಾಡಿ ಕೊಡುತ್ತದೆ. ಅನುಕೂಲವೇ, ಆದರೆ ಮೂಲ ಪಾಯಿಂಟರ್ ಕಳೆದುಹೋಯಿತು. ಇನ್ನು ಫ್ರೀ ಮಾಡುವುದು ಹೇಗೆ? ಲೈಬ್ರರಿ ಹಂಚಿದ ಮೆಮೊರಿಯಾದರೆ ರೆಸ್‌ಟೈಪ್ ‘ವಾಯ್ಡ್ ಪಾಯಿಂಟರ್’ ಇಟ್ಟು, ‘ಸ್ಟ್ರಿಂಗ್ ಅಟ್’ನಿಂದ ನಕಲು ಮಾಡಿ, ಆಮೇಲೆ ಲೈಬ್ರರಿಯದೇ ಫ್ರೀ ಫಂಕ್ಷನ್‌ಗೆ ಕೊಡಿ. ಲೈಬ್ರರಿಯದೇ ಎಂಬುದು ಮುಖ್ಯ. ವಿಂಡೋಸ್‌ನಲ್ಲಿ ಎರಡು ಡಿಎಲ್‌ಎಲ್‌ಗಳು ಬೇರೆ ಬೇರೆ ಸಿ ರನ್‌ಟೈಮ್ ಬಳಸುತ್ತಿರಬಹುದು. ಒಂದರ ಮ್ಯಾಲಕ್ (ಮೆಮೊರಿ ಹಂಚುವ ಫಂಕ್ಷನ್) ನಿಂದ ಪಡೆದದ್ದನ್ನು ಇನ್ನೊಂದರ ಫ್ರೀಗೆ ಕೊಟ್ಟರೆ ಬೀಳುತ್ತದೆ.

ಥ್ರೆಡ್ ಮತ್ತು ಎಕ್ಸೆಪ್ಶನ್

ಸಿ ಪ್ಲಸ್ ಪ್ಲಸ್‌ನ ಎಕ್ಸೆಪ್ಶನ್ ಗಡಿ ದಾಟಬಾರದು. ಹೊದಿಕೆ ಫಂಕ್ಷನ್‌ನಲ್ಲೇ ಎಲ್ಲವನ್ನೂ ಹಿಡಿದು ತಪ್ಪಿನ ಸಂಖ್ಯೆಯಾಗಿ ವಾಪಸ್ ಕೊಡಿ. ರಸ್ಟ್‌ನಲ್ಲಿ 1.81ರಿಂದ, ಅಂದರೆ 2024ರಿಂದ, ‘ಎಕ್ಸ್‌ಟರ್ನ್ ಸಿ’ ಫಂಕ್ಷನ್‌ನಿಂದ ಪ್ಯಾನಿಕ್ (ರಸ್ಟ್‌ನಲ್ಲಿ ಎಕ್ಸೆಪ್ಶನ್‌ನಂಥದ್ದು) ಹೊರಬರಲು ಹೋದರೆ ಪ್ರೋಗ್ರಾಂ ಅಬಾರ್ಟ್ ಆಗುತ್ತದೆ. 134 ಕಂಡರೆ ಇದನ್ನೂ ನೆನಪಿಡಿ. ‘ಸಿಡಿಎಲ್‌ಎಲ್’ ಮೂಲಕ ಕರೆದಾಗ ಸಿಟೈಪ್ಸ್ ಪೈಥಾನ್‌ನ ಜಿಐಎಲ್ ಬೀಗವನ್ನು, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುವಂತೆ ತಡೆಯುವ ಬೀಗವನ್ನು, ಬಿಟ್ಟುಕೊಡುತ್ತದೆ. ಎರಡು ಥ್ರೆಡ್ ಒಂದೇ ಸಲ ಲೈಬ್ರರಿ ಒಳಗೆ ಹೋಗಬಹುದು. ಲೈಬ್ರರಿ ಅದಕ್ಕೆ ತಯಾರಿಲ್ಲದಿದ್ದರೆ ನೀವೇ ಒಂದು ಲಾಕ್ ಹಾಕಬೇಕು. ಜಾವಾದಿಂದ ಸಿ ಕೋಡ್ ಕರೆಯುವ ಜೆಎನ್‌ಐನಲ್ಲಿ ‘ಎನ್ವ್’ ಪಾಯಿಂಟರ್ ಒಂದು ಥ್ರೆಡ್‌ಗೆ ಮಾತ್ರ ಸೇರಿದ್ದು. ಇನ್ನೊಂದು ಥ್ರೆಡ್‌ನಲ್ಲಿ ಬಳಸಿದರೆ ಬೀಳುತ್ತದೆ. ಜಾವಾ ಓಡಿಸುವ ಜೆವಿಎಂಗೆ ‘ಚೆಕ್ ಜೆಎನ್‌ಐ’ ಆಯ್ಕೆ ಕೊಟ್ಟು ಓಡಿಸಿದರೆ ಇಂಥ ತಪ್ಪುಗಳಲ್ಲಿ ಹಲವನ್ನು ಅದೇ ಹೇಳುತ್ತದೆ. ಹೊಸದಾಗಿ ಶುರು ಮಾಡುವವರು 2024ರ ಜಾವಾ 22ರಲ್ಲಿ ಪೂರ್ಣವಾದ ಫಾರಿನ್ ಫಂಕ್ಷನ್ ಎಪಿಐ ನೋಡಿ. ಮೆಮೊರಿ ಎಷ್ಟು ಹೊತ್ತು ಬದುಕಬೇಕು ಎಂಬುದನ್ನು ಅಲ್ಲಿ ಕೋಡ್‌ನಲ್ಲೇ ಹೇಳಬೇಕಾಗುತ್ತದೆ.

ಇನ್ನೂ ಸಿಗದಿದ್ದರೆ

ಮೆಮೊರಿ ಕೆಡಿಸುತ್ತಿರುವ ಜಾಗ ಹಿಡಿಯಲು ‘ವಾಲ್‌ಗ್ರೈಂಡ್’ ಇದೆ. ತುಂಬಾ ನಿಧಾನ, ಆದರೆ ಲೈಬ್ರರಿಯನ್ನು ಮತ್ತೆ ಕಟ್ಟಬೇಕಾಗಿಲ್ಲ. ಪೈಥಾನ್ ತನ್ನದೇ ಮೆಮೊರಿ ಹಂಚಿಕೆ ಬಳಸುವುದರಿಂದ ಸುಳ್ಳು ಎಚ್ಚರಿಕೆ ಜಾಸ್ತಿ ಬರುತ್ತವೆ. ‘ಪೈಥಾನ್‌ಮ್ಯಾಲಕ್’ ಎಂಬ ಪರಿಸರ ವೇರಿಯಬಲ್‌ಗೆ ‘ಮ್ಯಾಲಕ್’ ಅಂತ ಕೊಟ್ಟರೆ ಅವು ಕಡಿಮೆಯಾಗುತ್ತವೆ. ಅದೇ ವೇರಿಯಬಲ್‌ಗೆ ‘ಡಿಬಗ್’ ಅಂತ ಕೊಟ್ಟರೆ, ಬಿಟ್ಟುಕೊಟ್ಟ ಮೆಮೊರಿಯನ್ನು ಪೈಥಾನ್ ಗುರುತಿನ ಬೈಟ್‌ಗಳಿಂದ ತುಂಬುತ್ತದೆ. ಸತ್ತ ಬೈಟ್ಸ್ ಅನ್ನು ಲೈಬ್ರರಿ ಓದುತ್ತಿದ್ದರೆ ಆಮೇಲಿನ ಬದಲು ಈಗಲೇ ಕಸ ಕಾಣುತ್ತದೆ.

ಲೈಬ್ರರಿಯ ಮೂಲ ಕೋಡ್ ಕೈಯಲ್ಲಿದ್ದರೆ ‘ಅಡ್ರೆಸ್ ಸ್ಯಾನಿಟೈಸರ್’ ಹಾಕಿ ಕಟ್ಟಿ. ಪೈಥಾನ್ ಅದರೊಂದಿಗೆ ಕಟ್ಟಿದ್ದಲ್ಲ, ಹಾಗಾಗಿ ಲಿನಕ್ಸ್‌ನಲ್ಲಿ ಸ್ಯಾನಿಟೈಸರ್‌ನ ಲೈಬ್ರರಿಯನ್ನು ‘ಎಲ್‌ಡಿ ಪ್ರೀಲೋಡ್’ ಮೂಲಕ ಮೊದಲೇ ಲೋಡ್ ಮಾಡಿಸಬೇಕು. ಬಫರ್ ಎಲ್ಲಿ ಹಂಚಲಾಯಿತು, ಎಲ್ಲಿ ಬಿಟ್ಟುಕೊಡಲಾಯಿತು, ಯಾವ ಸಾಲು ಅದನ್ನು ಮೀರಿ ಬರೆಯಿತು ಅಂತ ಮೂರನ್ನೂ ಅದು ತೋರಿಸುತ್ತದೆ.

ಸರಿಯಾಯಿತು ಅನಿಸಿದಮೇಲೆ ಅದೇ ಕರೆಯನ್ನು ಒಂದು ಲಕ್ಷ ಸಲ ಲೂಪ್‌ನಲ್ಲಿ ಓಡಿಸಿ, ಪ್ರೋಗ್ರಾಂನ ಮೆಮೊರಿ ನೋಡುತ್ತಿರಿ. ಮೊದಲು ಸ್ವಲ್ಪ ಏರಿ ನಿಂತರೆ ಸರಿ, ಏರುತ್ತಲೇ ಇದ್ದರೆ ಮೆಮೊರಿ ಯಾರದು ಎಂಬ ಪ್ರಶ್ನೆಗೆ ವಾಪಸ್ ಹೋಗಿ. ಲೈಬ್ರರಿಯ ಆವೃತ್ತಿ ಹೇಳುವ ಫಂಕ್ಷನ್ ಇದ್ದರೆ ಪ್ರೋಗ್ರಾಂ ಶುರುವಾಗುವಾಗಲೇ ಅದನ್ನು ಕರೆದು, ನೀವು ಯಾವ ಹೆಡರ್ ನೋಡಿ ಘೋಷಣೆ ಬರೆದಿರೋ ಅದಕ್ಕೆ ಹೋಲಿಸಿ. ಹೊಂದದಿದ್ದರೆ ಅಲ್ಲೇ ಸ್ಪಷ್ಟ ಸಂದೇಶ ಕೊಟ್ಟು ನಿಲ್ಲಿಸಿ. ಸ್ಟ್ರಕ್ಟ್‌ಗಳ ಗಾತ್ರವನ್ನೂ ಅಲ್ಲೇ ಪರೀಕ್ಷಿಸಬಹುದು, ಝಡ್‌ಲಿಬ್‌ನವರು ಮಾಡಿದ ಹಾಗೆ.